ಪದಚರ್ಚೆ: ಟಿಪಿಎಂ ಡ್ರೈವರ್‌ನಲ್ಲಿ ‘ದೋಷಸಂಕೇತ’ ಎಂದರೆ ಯಾವುದು?

ಪ್ರಶ್ನೆ

ಲಿನಕ್ಸ್ ಕರ್ನಲ್‌ನಲ್ಲಿ (ಕಂಪ್ಯೂಟರ್ ನಡೆಸುವ ತಂತ್ರಾಂಶದ ತಿರುಳಿನಲ್ಲಿ) ಟಿಪಿಎಂ ಭದ್ರತಾ ಚಿಪ್ಪಿನೊಂದಿಗೆ ಮಾತಾಡುವ ಡ್ರೈವರ್ ಕೋಡನ್ನು ಪರಿಶೀಲಿಸುವ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಎರರ್ ಕೋಡ್’ಗೆ ದೋಷಸಂಕೇತ, ‘ಎರರ್ ಹ್ಯಾಂಡ್ಲಿಂಗ್’ಗೆ ದೋಷ ನಿರ್ವಹಣೆ ಎಂದರೆ ಸಾಕೆ? ಫಂಕ್ಷನ್ ಹಿಂದಿರುಗಿಸಿದ್ದನ್ನು ಇಡುವ ಆರ್‌ಸಿ ಎಂಬ ಒಂದೇ ವೇರಿಯಬಲ್‌ನಲ್ಲಿ −5 ಕೂಡ ಬರುತ್ತದೆ, 2338 ಕೂಡ ಬರುತ್ತದೆ. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರು ದಾರಿ ತಪ್ಪುತ್ತಾರೆ ಅನಿಸುತ್ತದೆ. ಇನ್ನೊಂದು ಮಾತು: ಕೆಳಗೆ ಆದ ತಪ್ಪನ್ನು ಮೇಲಕ್ಕೆ ತಿಳಿಸದ ಕೋಡಿಗೆ ‘ಮುಚ್ಚಿಹಾಕುತ್ತದೆ’ ಎನ್ನಬಹುದೆ? ಬಲ್ಲವರು ತಿಳಿಸಿ.

ಉತ್ತರ

ನಿಮ್ಮ ಅನುಮಾನ ಸರಿ. ಆ ಎರಡು ಸಂಖ್ಯೆಗಳನ್ನು ಹೇಳಿದವರೇ ಬೇರೆ ಬೇರೆ.

−5 ಕರ್ನಲ್‌ನ ಮಾತು. ಇಐಒ, ಅಂದರೆ ಚಿಪ್ಪಿನೊಂದಿಗೆ ಓದುವ ಬರೆಯುವ ಕೆಲಸವೇ ಕೆಟ್ಟಿತು. 2338 ಚಿಪ್ಪಿನ ಮಾತು. ಟಿಪಿಎಂ ಕೊಡುವ ಪ್ರತಿ ಉತ್ತರದ ತಲೆಯಲ್ಲಿ 10 ಬೈಟ್ ಇರುತ್ತವೆ: ಟ್ಯಾಗ್‌ಗೆ 2, ಉದ್ದಕ್ಕೆ 4, ಸಂಕೇತಕ್ಕೆ 4. ಆ ಕೊನೆಯ ನಾಲ್ಕರಲ್ಲಿ ಬಂದದ್ದು ಹದಿನಾರರ ಪದ್ಧತಿಯ 922, ಅದೇ ನಮ್ಮ ಎಣಿಕೆಯ 2338. ಚಿಪ್ಪು ಆಜ್ಞೆಯನ್ನು ಕೇಳಿಸಿಕೊಂಡಿದೆ, ‘ಈಗ ಆಗದು, ಮತ್ತೆ ಕೇಳು’ ಎಂದಿದೆ. ಇದು ದೋಷವಲ್ಲ. ದೃಷ್ಟಿದೋಷ, ಮುದ್ರಣದೋಷ ಎನ್ನುವಾಗ ವಸ್ತುವಿಗೆ ಅಂಟಿಕೊಂಡ ಕೊರತೆ ನಮ್ಮ ಮನಸ್ಸಿಗೆ ಬರುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ.

ಆದ್ದರಿಂದ ಋಣ ಸಂಖ್ಯೆಗೆ ‘ಕರ್ನಲ್‌ನ ದೋಷಸಂಖ್ಯೆ’, ಧನ ಸಂಖ್ಯೆಗೆ ‘ಚಿಪ್ಪಿನ ಉತ್ತರಸಂಕೇತ’ ಎಂದು ಬರೆಯಿರಿ. ಸೊನ್ನೆ ಬಂದರೆ ಎರಡೂ ಕಡೆ ಸುಸೂತ್ರ. ಚಿಪ್ಪಿಗೆ ಆಜ್ಞೆ ಕಳಿಸುವ ಟಿಪಿಎಂ_ಟ್ರಾನ್ಸ್‌ಮಿಟ್_ಸಿಎಂಡಿ ಫಂಕ್ಷನ್ ಹಿಂದಿರುಗಿಸುವುದು ಈ ಮೂರನ್ನೇ.

ಈ ಭೇದ ಬರೀ ಪದದ್ದಲ್ಲ, ಪರಿಶೀಲಕರು ಹಿಡಿಯಬೇಕಾದ ತಪ್ಪು ಇಲ್ಲಿಯೇ ಇದೆ. ‘ಆರ್‌ಸಿ ಸೊನ್ನೆಗಿಂತ ಕಡಿಮೆಯೆ?’ ಎಂದು ಮಾತ್ರ ಕೇಳುವ ಕೋಡು ಚಿಪ್ಪು ನಿರಾಕರಿಸಿದ್ದನ್ನೂ ಗೆಲುವೆಂದು ಎಣಿಸುತ್ತದೆ. ಧನ ಸಂಖ್ಯೆಯನ್ನು ಹಾಗೆಯೇ ಮೇಲೆ ಬಿಟ್ಟರೆ ಇನ್ನೂ ಕೆಡುಕು. ಕರ್ನಲ್‌ನ ಮಾಹಿತಿಯನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನ ಷೋ ಫಂಕ್ಷನ್ 256 ಎಂದು ಹಿಂದಿರುಗಿಸಿದರೆ ‘256 ಬೈಟ್ ಬರೆದೆ’ ಎಂದರ್ಥ, ಆದರೆ ಟಿಪಿಎಂ 2.0ದಲ್ಲಿ 256 ಎಂದರೆ ‘ನನ್ನನ್ನು ಇನ್ನೂ ಚಾಲೂ ಮಾಡಿಲ್ಲ’. ದೋಷಸಂಖ್ಯೆಯನ್ನು ಮೆಮೊರಿ ವಿಳಾಸದ ರೂಪದಲ್ಲಿ ಕೊಡುವ ಇಆರ್‌ಆರ್_ಪಿಟಿಆರ್‌ಗೆ ಧನ ಸಂಖ್ಯೆ ಕೊಟ್ಟರಂತೂ ಅಪಾಯವೇ: ಅದನ್ನು ಪತ್ತೆಹಚ್ಚುವ ಐಎಸ್_ಇಆರ್‌ಆರ್ ಗುರುತಿಸುವುದು −4095ರಿಂದ −1ರವರೆಗೆ ಮಾತ್ರ. 257 ಅದರ ಕಣ್ಣಿಗೆ ಒಳ್ಳೆಯ ವಿಳಾಸ. ಅಲ್ಲಿಗೆ ಕೈಹಾಕಿದೊಡನೆ ಕರ್ನಲ್ ಬೀಳುತ್ತದೆ.

ಇನ್ನು ‘ನಿರ್ವಹಣೆ’. ಒಂದು ಪದದಡಿ ಮೂರು ಕೆಲಸ ಅಡಗಿವೆ, ಬಿಡಿಸಿ ಬರೆಯಿರಿ. 2338 ಬಂದಾಗ ಡ್ರೈವರ್ 20 ಮಿಲಿಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ, ಪ್ರತಿ ಸಲ ಕಾಯುವ ಹೊತ್ತನ್ನು ಇಮ್ಮಡಿ ಮಾಡುತ್ತದೆ, ಅದು 2000 ಮಿಲಿಸೆಕೆಂಡ್ ದಾಟಿದ ಮೇಲೆ ಕೈಬಿಡುತ್ತದೆ. ಇದು ನಿಜವಾದ ‘ನಿಭಾಯಿಸುವುದು’. ಬಂದ −5 ಅನ್ನು ಹಾಗೆಯೇ ಮೇಲೆ ಕೊಡುವುದು ‘ದಾಟಿಸುವುದು’. ಚಿಪ್ಪಿನ ಉತ್ತರವನ್ನು ಕರ್ನಲ್‌ನ ಸಂಖ್ಯೆಗೆ ಬದಲಿಸುವುದಕ್ಕೆ ‘ತರ್ಜುಮೆ’ ಒಪ್ಪುತ್ತದೆ. ಟಿಪಿಎಂ 2.0ದ ಟ್ರಸ್ಟೆಡ್ ಕೀ (ಚಿಪ್ಪಿನ ನೆರವಿನಿಂದ ಮುಚ್ಚಿಟ್ಟ ರಹಸ್ಯ ಕೀಲಿ) ತೆರೆಯುವ ಕೋಡಿನಲ್ಲಿ ಧನ ಸಂಖ್ಯೆ ಬಂದರೆ ಸಾಮಾನ್ಯವಾಗಿ ಇಪರ್ಮ್, ಅಂದರೆ −1 ಆಗುತ್ತದೆ. ಚಿಪ್ಪನ್ನು ಚಾಲೂ ಮಾಡುವ ಆಟೋ ಸ್ಟಾರ್ಟಪ್‌ನಲ್ಲಿ ಸಾಮಾನ್ಯವಾಗಿ ಇನೋಡೆವ್, −19. ಎಲ್ಲ ತರ್ಜುಮೆಯಂತೆ ಇಲ್ಲಿಯೂ ಒಂದಷ್ಟು ಅರ್ಥ ಸೋರುತ್ತದೆ. ಆದ್ದರಿಂದ ಬದಲಿಸುವ ಮುಂಚೆ ಮೂಲ ಸಂಕೇತ ಲಾಗ್‌ನಲ್ಲಿ ಬಿದ್ದಿದೆಯೇ ಎಂದು ನೋಡಬೇಕು.

ಇರಬೇಕಾದ ತಪಾಸಣೆಯೇ ಇಲ್ಲದಿದ್ದರೆ ‘ಲೋಪ’ ಎನ್ನಿ. ಲೋಪಸಂಧಿಯಲ್ಲಿ ಸ್ವರ ಬಿಟ್ಟುಹೋಗುತ್ತದಲ್ಲ, ಅದೇ ಅರ್ಥ.

‘ಮುಚ್ಚಿಹಾಕು’ ಬೇಡ. ಅದರಲ್ಲಿ ಬೇಕೆಂದೇ ಮಾಡಿದ ಆರೋಪವಿದೆ, ಇನ್ನೊಬ್ಬರ ಕೋಡಿನ ಬಗ್ಗೆ ಹಾಗೆ ಬರೆಯುವುದು ತರವಲ್ಲ. ‘ನುಂಗು’ ನಮ್ಮಲ್ಲಿ ಇದ್ದೇ ಇದೆ: ಮಾತು ನುಂಗಿಕೊಂಡ, ಅಕ್ಷರ ನುಂಗಿದ. ಚಿಪ್ಪಿನೊಂದಿಗೆ ನೇರವಾಗಿ ಓದು ಬರಹ ನಡೆಸುವ ಟಿಐಎಸ್ ಎಂಬ ಡ್ರೈವರ್ ಭಾಗದಲ್ಲಿ ಚಿಪ್ಪಿನ ಸ್ಥಿತಿ ಓದುವ ಫಂಕ್ಷನ್ನು ಒಂದು ಬೈಟನ್ನಷ್ಟೇ ಹಿಂದಿರುಗಿಸುತ್ತದೆ. ಓದಲಾಗದಿದ್ದರೆ 0 ಕೊಡುತ್ತದೆ. ಕಾಯುವ ಲೂಪಿಗೆ ಚಿಪ್ಪು ಇನ್ನೂ ಸಿದ್ಧವಿಲ್ಲ ಎಂದಷ್ಟೇ ಕಾಣುತ್ತದೆ, ಅವಧಿ ಮುಗಿಯುವವರೆಗೆ ಕಾದು ಇಟೈಮ್, ಅಂದರೆ −62 ಕೊಡುತ್ತದೆ. ಲಾಗ್ ನೋಡಿದವರು ಅವಧಿ ಸಾಲದೆಂದು ಹೆಚ್ಚಿಸಲು ಹೊರಡುತ್ತಾರೆ, ನಿಜವಾಗಿ ಕೆಟ್ಟಿರುವುದು ಬಸ್ಸು, ಅಂದರೆ ಚಿಪ್ಪಿಗೂ ಕಂಪ್ಯೂಟರಿಗೂ ನಡುವಿನ ಸಂಪರ್ಕದ ದಾರಿ. ಇಂಥ ಕಡೆ ಟಿಪ್ಪಣಿ ಹೀಗಿರಲಿ: ‘ಇಲ್ಲಿ −5 ನುಂಗಿಹೋಗಿದೆ, ಮೇಲಿನವರಿಗೆ −62 ಕಾಣುತ್ತಿದೆ. ಬೈಟನ್ನು ಪಾಯಿಂಟರ್ ಮೂಲಕ ಕೊಟ್ಟು ದೋಷಸಂಖ್ಯೆಯನ್ನು ದಾಟಿಸಿ.’