ಚುರುಮುರಿ ಗಾಡಿ ಎತ್ತಿಸಬೇಕಾ? ನಮ್ಮ ಮನೆ ಗ್ರೂಪಿನ ಮೂರು ದಿನದ ಜಗಳ

ನಮ್ಮ ಮನೆ ವಾಟ್ಸಾಪ್ ಗ್ರೂಪಿನಲ್ಲಿ ಇಪ್ಪತ್ತಮೂರು ಜನ ಇದ್ದೇವೆ. ಮಾಮೂಲಿ ದಿನಗಳಲ್ಲಿ ಗುಡ್ ಮಾರ್ನಿಂಗ್ ಹೂವು, ಏಕಾದಶಿ ನೆನಪು, ಯಾರದೋ ನಾಮಕರಣದ ಫೋಟೋ ಅಷ್ಟೇ. ಹೋದ ಭಾನುವಾರ ಕುವೆಂಪುನಗರದ ದೊಡ್ಡಪ್ಪ ಒಂದು ಮನವಿ ಪತ್ರದ ಫೋಟೋ ಹಾಕಿದರು. ಆಮೇಲೆ ಮೂರು ದಿನ ಯಾರೂ ಹೂವು ಕಳಿಸಲಿಲ್ಲ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬೇಡ ಅಂದರು. ಅದಕ್ಕೆ ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೇ ಬಿಟ್ಟಿದ್ದೇನೆ. ಸ್ಟಿಕ್ಕರ್‌ಗಳನ್ನು ತೆಗೆದಿದ್ದೇನೆ, ಮಂಡ್ಯ ಮಾವನದ್ದೇ ನಲವತ್ತು ಇದ್ದವು.

ಭಾನುವಾರ, ಸಂಜೆ

ದೊಡ್ಡಪ್ಪ: (ಫೋಟೋ) ನಮ್ಮ ಬಡಾವಣೆ ಸಂಘದ ಮನವಿ. ಬುಧವಾರ ಕೊಡುತ್ತೇವೆ. ಮೈಸೂರಿನಲ್ಲಿರುವವರು ಓದಿ, ಸಹಿಗೆ ಹೆಸರು ಕಳಿಸಿ.

ಪತ್ರದಲ್ಲಿ ಇದ್ದದ್ದು ಇಷ್ಟು: ಪಾರ್ಕ್ ಪಕ್ಕದ ಚುರುಮುರಿ, ಗೋಬಿ, ಟೀ ಗಾಡಿಗಳನ್ನು ಎತ್ತಿಸಬೇಕು. ಫುಟ್‌ಪಾತ್ ಒತ್ತುವರಿ ತೆರವು ಮಾಡಬೇಕು. ಮೇನ್ ರೋಡ್ ಅಗಲ ಮಾಡಬೇಕು. ಬಸ್ ಸ್ಟಾಪ್ ಹತ್ತಿರದ ಅವೈಜ್ಞಾನಿಕ ಹಂಪ್ ತೆಗೆಸಬೇಕು. ಮೇಲೆ ದಪ್ಪ ಅಕ್ಷರದಲ್ಲಿ "ವಿಷಯ: ಮಹಿಳೆಯರ ಹಾಗೂ ಹಿರಿಯ ನಾಗರಿಕರ ಸುರಕ್ಷತೆ".

ಬೆಂಗಳೂರು ಅಣ್ಣ: ಸೂಪರ್ ಅಪ್ಪ. ಮೊದಲು ರಸ್ತೆ ಅಗಲ ಮಾಡಿಸಿ. ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೂವರೆ ಗಂಟೆಗೆ ಮೈಸೂರಿಗೆ ಬರುತ್ತೇನೆ. ಊರೊಳಗೆ ಬಂದ ಮೇಲೆ ಮನೆ ಮುಟ್ಟಲು ಅರ್ಧ ಗಂಟೆ.

ಮಂಡ್ಯ ಮಾವ: ನಿನಗೆ ಒಂದೂವರೆ ಗಂಟೆ ಕಣಪ್ಪ. ನನ್ನ ಸ್ಕೂಟರಿಗೆ ಆ ರಸ್ತೇಲಿ ಜಾಗವೇ ಇಲ್ಲ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಎಲ್ಲ ಸರ್ವಿಸ್ ರೋಡಿಗೆ. ನಮ್ಮ ಊರಿನ ಮೇಲೇ ರಸ್ತೆ ಹೋಗಿದೆ, ನಾವು ಮಾತ್ರ ಪಕ್ಕದಲ್ಲಿ ಹೋಗಬೇಕು 😀

ಬೆಂಗಳೂರು ಅಣ್ಣ: ಅದು ನಿಮ್ಮ ಜೀವಕ್ಕೇ ಒಳ್ಳೆಯದು ಮಾವ.

ಮಂಡ್ಯ ಮಾವ: ಒಪ್ಪಿದೆ. ಆದರೆ ಸಾವು ಕಮ್ಮಿ ಆಗಿದ್ದು ಕ್ಯಾಮೆರಾ ಹಾಕಿ, ಕಾರುಗಳನ್ನು 100ಕ್ಕೆ ಬಿಗಿ ಹಿಡಿದ ಮೇಲೆ. ರಸ್ತೆ ಅಗಲ ಮೊದಲಿಂದಲೂ ಅಷ್ಟೇ ಇತ್ತಲ್ಲ.

ಈ ಮಾತು ಆಗ ಯಾರ ಗಮನಕ್ಕೂ ಬೀಳಲಿಲ್ಲ. ನನ್ನದಕ್ಕೂ. ಹತ್ತು ನಿಮಿಷ ಸುಮ್ನೆ ಸಹಿಗೆ ಹೆಸರು ಬರುತ್ತಿದ್ದವು. ಆಮೇಲೆ ಚಿಕ್ಕಮ್ಮ ಬಂದರು. ಚಿಕ್ಕಮ್ಮ ಗ್ರೂಪಿನಲ್ಲಿ ಮಾತಾಡುವುದೇ ಅಪರೂಪ.

ಚಿಕ್ಕಮ್ಮ: ಭಾವ, ಕ್ಷಮಿಸಿ. ನಾನು ಸಹಿ ಹಾಕುವುದಿಲ್ಲ.

ದೊಡ್ಡಪ್ಪ: ಯಾಕಮ್ಮ? ನಿಮ್ಮಂಥ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೇ ಅಂತ ಬರೆದದ್ದು.

ಚಿಕ್ಕಮ್ಮ: ಅದಕ್ಕೇ ಹೇಳುತ್ತಿದ್ದೇನೆ. ಡ್ಯೂಟಿ ಮುಗಿಸಿ ಬಸ್ ಇಳಿಯುವಾಗ ಒಂಬತ್ತೂಕಾಲು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಹೆಂಗಸರೇ ಜಾಸ್ತಿ. ಬಸ್ಸೊಳಗೆ ಭಯವಿಲ್ಲ. ಭಯ ಇರುವುದು ಇಳಿದ ಮೇಲೆ, ಪಾರ್ಕ್ ಗೋಡೆ ಪಕ್ಕ. ಅಲ್ಲಿ ಬೆಳಕು ಅಂತ ಇರುವುದು ಚುರುಮುರಿ ಗಾಡಿಯದ್ದೊಂದೇ. ಅವನ ಹೆಂಡತಿಯೂ ನಿಂತಿರುತ್ತಾಳೆ, "ಇವತ್ತು ಲೇಟಾಯ್ತಾ ಅಕ್ಕ" ಅಂತಾಳೆ. ಮಂಗಳವಾರ ಗಾಡಿ ರಜ. ವಾರದಲ್ಲಿ ಅವತ್ತೊಂದು ದಿನ ಮಾತ್ರ ನಾನು ಇವರಿಗೆ ಫೋನ್ ಮಾಡಿ ಬಸ್ ಸ್ಟಾಪಿಗೆ ಕರೆಸಿಕೊಳ್ಳುವುದು. ಬೇಕಿದ್ದರೆ ಕೇಳಿ.

ಚಿಕ್ಕಪ್ಪ: ನಿಜ.

(ಚಿಕ್ಕಪ್ಪ ಈ ವರ್ಷ ಗ್ರೂಪಿನಲ್ಲಿ ಬರೆದ ಮೊದಲ ಪದ ಇದು.)

ಬೆಂಗಳೂರು ಅಣ್ಣ: ಚಿಕ್ಕಮ್ಮ, ಬೀದಿ ದೀಪ ಹಾಕಿಸಿದರೆ ಆಯ್ತಲ್ವಾ? ಗಾಡಿಗೆ ಬಂದವರು ಬೈಕುಗಳನ್ನು ರಸ್ತೆ ಮೇಲೇ ನಿಲ್ಲಿಸುತ್ತಾರೆ. ಬಸ್ಸು ನಡು ರಸ್ತೆಯಲ್ಲಿ ನಿಲ್ಲುತ್ತೆ. ನೀವು ಇಳಿಯುವುದೇ ಬೈಕುಗಳ ಮಧ್ಯೆ. ಅದೂ ಅಪಾಯ ತಾನೇ?

ಚಿಕ್ಕಮ್ಮ: ಅದು ಹೌದು.

ಪುಟ್ಟಿ: ನಾನೂ ಒಂದು ಹೇಳ್ತೀನಿ. ಎಲ್ಲಾ ಗಾಡಿ ಒಂದೇ ಅಲ್ಲ. ಚುರುಮುರಿ ಗಾಡಿ ಹತ್ತಿರ ಟ್ಯೂಷನ್ ಮುಗಿಸಿದ ಹುಡುಗಿಯರು, ಮಕ್ಕಳನ್ನು ಕರೆದುಕೊಂಡ ಅಮ್ಮಂದಿರು ಇರುತ್ತಾರೆ. ಟೀ ಗಾಡಿ ಹತ್ತಿರ ಬರೀ ಹುಡುಗರು, ಸಿಗರೇಟು. ಅಲ್ಲಿ ಎಷ್ಟು ಜನ ಇದ್ದರೂ ನಾನು ರಸ್ತೆ ದಾಟಿ ಆ ಕಡೆಯಿಂದ ಹೋಗ್ತೀನಿ ಅಮ್ಮ. ನಿನಗೆ ಹೇಳಿರಲಿಲ್ಲ.

ಚಿಕ್ಕಮ್ಮ: ಇದು ನನಗೆ ಗೊತ್ತಿರಲಿಲ್ಲ.

ದೊಡ್ಡಪ್ಪ: ನೋಡಿ! ಕತ್ತಲಾದ ಮೇಲೆ ಹೆಣ್ಣುಮಕ್ಕಳು ಓಡಾಡದಿದ್ದರೇ ಒಳ್ಳೆಯದು. ಪುಟ್ಟಿ, ಟ್ಯೂಷನ್ ಸಮಯ ಬದಲಿಸಿಕೋ.

ಇಲ್ಲಿ ನನಗೆ ತಡೆಯಲಾಗಲಿಲ್ಲ.

ನಾನು: ದೊಡ್ಡಪ್ಪ, 2021ರಲ್ಲಿ ಇದೇ ಊರಿನಲ್ಲಿ ಹುಡುಗಿಯರು ಸಂಜೆ ಆರೂವರೆ ಮೇಲೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್‌ನಲ್ಲಿ ಒಬ್ಬೊಬ್ಬರೇ ಓಡಾಡಬಾರದು ಅಂತ ಸುತ್ತೋಲೆ ಬಂದಿತ್ತು, ನೆನಪಿದೆಯಾ? ಎಲ್ಲರೂ ಉಗಿದ ಮೇಲೆ ವಾಪಸ್ ತೆಗೆದುಕೊಂಡರು. ರಸ್ತೆ ಸರಿಯಿಲ್ಲ ಅಂದರೆ ರಸ್ತೆ ಸರಿಮಾಡಬೇಕು. ಪುಟ್ಟಿ ಟ್ಯೂಷನ್ ಯಾಕೆ ಬದಲಿಸಬೇಕು? ಹುಡುಗಿಯರೆಲ್ಲ ಏಳು ಗಂಟೆಗೆ ಮನೆ ಸೇರಿದರೆ ಒಂಬತ್ತೂಕಾಲಿಗೆ ಇಳಿಯುವ ಚಿಕ್ಕಮ್ಮ ಇನ್ನೂ ಒಂಟಿ.

ದೊಡ್ಡಪ್ಪ: ನನಗೆ ಕಾಳಜಿ ಇದ್ದದ್ದಕ್ಕೆ ಹೇಳಿದೆ. ಸ್ವಚ್ಛ ನಗರ ಅಂತ 2015, 2016 ಎರಡು ಸಲ ದೇಶಕ್ಕೇ ಮೊದಲು ಬಂದ ಊರು ಇದು. ಈಗ ಎಲ್ಲಿ ನೋಡಿದರೂ ಗಾಡಿ, ಪ್ಲಾಸ್ಟಿಕ್.

ನಾನು: ಪ್ಲಾಸ್ಟಿಕ್‌ಗೆ ಬುಟ್ಟಿ ಇಡಿಸೋಣ. ಆದರೆ ಗಾಡಿ ಎತ್ತಿಸುವುದು ನೀವು ಬರೆದಷ್ಟು ಸುಲಭ ಅಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಸರ್ವೆ ಮಾಡಿ, ಪ್ರಮಾಣಪತ್ರ ಕೊಡುವವರೆಗೂ ಎತ್ತಿಸುವಂತಿಲ್ಲ. ಆಮೇಲೂ 30 ದಿನದ ನೋಟಿಸ್ ಕೊಡಬೇಕು. ಎಲ್ಲಿ ನಿಲ್ಲಬೇಕು ಅಂತ ನೋಡುವುದಕ್ಕೆ ಪಟ್ಟಣ ವ್ಯಾಪಾರ ಸಮಿತಿ ಇದೆ, ಅದರಲ್ಲಿ ಶೇ 40 ಜನ ವ್ಯಾಪಾರಿಗಳೇ ಇರಬೇಕು.

ದೊಡ್ಡಪ್ಪ: ಕಾಯ್ದೆ ಓದಿಕೊಂಡೇ ಬಂದಿದ್ದೀಯಾ.

ನಾನು: ಇವತ್ತು ಮಧ್ಯಾಹ್ನ ಓದಿದೆ ದೊಡ್ಡಪ್ಪ 🙏

ಸೋಮವಾರ

ಬೆಳಿಗ್ಗೆ ಅಜ್ಜಿಯ ವಾಯ್ಸ್ ನೋಟ್ ಬಂತು. ಆರು ನಿಮಿಷ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಕೇಳಿಸದವರಿಗೆ ಅಂತ ಪುಟ್ಟಿ ಬರೆದು ಹಾಕಿದಳು.

ಪುಟ್ಟಿ: ಅಜ್ಜಿ ಹೇಳಿದ್ದು: "ನಮ್ಮತ್ತೆ ಹೇಳೋರು, ಪ್ಲೇಗ್ ಬಂದಾಗ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕ್ಕೊಂಡು ಇರ್ತಿದ್ರಂತೆ. ಆಮೇಲೆ ಊರನ್ನ ಬಿಡಿಸಿ ಬಿಡಿಸಿ ಕಟ್ಟಿದ್ರು. ಮನೆ ಹಿಂದೆ ಗಲ್ಲಿ, ಮುಂದೆ ರಸ್ತೆ, ಗಾಳಿ ಬೆಳಕು. ಆಗ ರಸ್ತೆ ಅಗಲ ಮಾಡಿದ್ದು ಮನುಷ್ಯರು ಉಸಿರಾಡಲಿ ಅಂತ. ಈಗ ಯಾರಿಗೆ? ನಾನು ಆ ಮೇನ್ ರೋಡ್ ದಾಟಿ ಪಾರ್ಕಿಗೆ ಹೋಗಿ ಎರಡು ವರ್ಷ ಆಯ್ತು."

ನಾನು: ಅಜ್ಜಿ ಹೇಳಿದ್ದಕ್ಕೆ ಇಸವಿ ಸೇರಿಸುತ್ತೇನೆ. ಪ್ಲೇಗ್ ಆದ ಮೇಲೆ 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ದೇಶದಲ್ಲೇ ಮೊದಮೊದಲು ಆದದ್ದರಲ್ಲಿ ಒಂದು. ಹಳೇ ಬಡಾವಣೆಗಳಲ್ಲಿ ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳು ನೆನಪಿವೆಯಲ್ಲ?

ದೊಡ್ಡಪ್ಪ: ಅಮ್ಮ ಪಾರ್ಕಿಗೆ ಹೋಗದಿರುವುದು ಮಂಡಿ ನೋವಿಗೆ.

ಪುಟ್ಟಿ: ಅಜ್ಜಿ ಪಕ್ಕದಲ್ಲೇ ಇದ್ದಾರೆ ದೊಡ್ಡಪ್ಪ. "ಮಂಡಿಗೂ ಹೌದು, ಬೈಕಿಗೂ ಹೌದು" ಅಂತಾರೆ.

ನಾನು: ಲೆಕ್ಕ ಹಾಕಿ. ಅಜ್ಜಿ ನಡೆಯುವುದು ಸೆಕೆಂಡಿಗೆ ಅರ್ಧ ಮೀಟರ್. 7 ಮೀಟರ್ ರಸ್ತೆ ದಾಟಲು 14 ಸೆಕೆಂಡ್. 14 ಮೀಟರ್ ಮಾಡಿದರೆ 28 ಸೆಕೆಂಡ್. 50ರಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತೆ, 30ರಲ್ಲಿ ಬಂದರೆ 8 ಮೀಟರ್. ರಸ್ತೆ ಅಗಲ ಆದರೆ ಅಜ್ಜಿ ನಡು ರಸ್ತೆಯಲ್ಲಿ ಇರುವ ಹೊತ್ತೂ ಜಾಸ್ತಿ, ಬೈಕಿನ ವೇಗವೂ ಜಾಸ್ತಿ. ನಿನ್ನೆ ಮಾವ ಹೇಳಿದ್ದೂ ಇದೇ. ಅಗಲದಿಂದ ಅಲ್ಲ, ವೇಗ ಇಳಿಸಿದ್ದರಿಂದ ಜೀವ ಉಳಿದದ್ದು.

ಮಂಡ್ಯ ಮಾವ: ನಾನು ಅಷ್ಟೆಲ್ಲ ಹೇಳಿದ್ನಾ 😳

ಬೆಂಗಳೂರು ಅಣ್ಣ: ಹಾಗಾದರೆ ಊರು ಬೆಳೆಯುವುದೇ ಬೇಡವಾ? 2011ರ ಜನಗಣತಿಯಲ್ಲಿ ಮೈಸೂರು ಹತ್ತು ಲಕ್ಷವೂ ಇರಲಿಲ್ಲ. ಈಗ ನೋಡು, ಬೋಗಾದಿ, ಶ್ರೀರಾಂಪುರ, ಹೂಟಗಳ್ಳಿ ಎಲ್ಲ ಊರಿನ ಒಳಗೇ ಬಂದಂತೆ. ಇಷ್ಟು ಕಾರು ಎಲ್ಲಿ ಹೋಗಬೇಕು? ಬೆಂಗಳೂರು ಮಾಡಿದ ತಪ್ಪನ್ನೇ ಮಾಡಬೇಡಿ, ಈಗಲೇ ಜಾಗ ಬಿಡಿಸಿಕೊಳ್ಳಿ.

ಚಿಕ್ಕಮ್ಮ: ಬೆಂಗಳೂರಿನಲ್ಲಿ ಅಗಲ ಮಾಡಿದ ರಸ್ತೆಯಲ್ಲಿ ಈಗ ಆರಾಮವಾಗಿ ಹೋಗುತ್ತಿದ್ದೀಯಾ ಮಗ?

ಬೆಂಗಳೂರು ಅಣ್ಣ: ...

ಚಿಕ್ಕಮ್ಮ: 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ ಅಗಲೀಕರಣಕ್ಕೆ ಅಂತ 40 ಮರ ಕಡಿದರು. ಮೊದಲು ಆ ದಾರಿಯಲ್ಲಿ ಹೋದರೆ ಮಧ್ಯಾಹ್ನವೂ ತಂಪಿತ್ತು. ಈಗ ಆ ಕಡೆ ಹೋಗುವುದಕ್ಕೇ ಮನಸ್ಸಿಲ್ಲ.

ದೊಡ್ಡಪ್ಪ: ಸರಿ, ಅಗಲ ಮಾಡುವುದು ಬಿಡೋಣ. ಆದರೆ ಆ ಹಂಪ್ ಹೋಗಲೇಬೇಕು. ನನ್ನ ಬೆನ್ನು ಹೋಗಿದೆ.

ನಾನು: ಆ ಹಂಪ್ ಬಗ್ಗೆ ನಾನೂ ನಿಮ್ಮ ಕಡೆ. ಅದು ಹಂಪ್ ಅಲ್ಲ, ಗೋಡೆ. ರಸ್ತೆಗಳ ಅಳತೆ ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಅಷ್ಟು ಅಗಲವಾಗಿ ಏರಿ ಇಳಿದರೆ ಬೆನ್ನಿಗೆ ಏಟು ಬೀಳುವುದಿಲ್ಲ, ವೇಗ ಮಾತ್ರ ಇಳಿಯುತ್ತೆ. ತೆಗೆಸಿ ಅಂತ ಬರೆಯಬೇಡಿ, ಸರಿಯಾಗಿ ಹಾಕಿ ಅಂತ ಬರೆಯಿರಿ.

ದೊಡ್ಡಪ್ಪ: ಇದು ಸರಿ. ಆದರೆ ಫುಟ್‌ಪಾತ್ ತೆರವಿನಲ್ಲಿ ರಾಜಿ ಇಲ್ಲ. ಫುಟ್‌ಪಾತ್ ಇರುವುದು ನಡೆಯಲು.

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ಮೇಲೆ ಮಾತ್ರ ಪುಟ್ಟಿ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು.

ಪುಟ್ಟಿ: (ಫೋಟೋ)

ಆ ಫೋಟೋ ದೊಡ್ಡಪ್ಪನ ಮನೆಯದ್ದೇ. ಗೇಟಿನ ಎಡಕ್ಕೆ ಫುಟ್‌ಪಾತ್ ಮೇಲೆ ತಂತಿ ಬೇಲಿ. ಒಳಗೆ ಕನಕಾಂಬರ, ದಾಸವಾಳ, ಒಂದು ಪಪ್ಪಾಯಿ. ಬಲಕ್ಕೆ ಕಾರು ಹತ್ತಿಸುವ ಸಿಮೆಂಟ್ ಇಳಿಜಾರು, ರಸ್ತೆವರೆಗೂ ಬಂದಿದೆ. ಅದರಾಚೆಯ ಮನೆಗಳೂ ಹಾಗೇ. ಇಡೀ ಬೀದಿಯಲ್ಲಿ ಫುಟ್‌ಪಾತ್ ಅಂತ ಉಳಿದಿರುವುದು ಪಾರ್ಕ್ ಗೋಡೆ ಪಕ್ಕದಲ್ಲೇ, ಅಂದರೆ ಗಾಡಿಗಳು ನಿಲ್ಲುವ ಕಡೆ!

ಮಂಡ್ಯ ಮಾವ: ಭಾವ, ಪಪ್ಪಾಯಿ ಹಣ್ಣಾಗಿದೆ ಅನ್ಸುತ್ತೆ.

ದೊಡ್ಡಪ್ಪ: ಅದು ಹಸಿರು. ಒತ್ತುವರಿ ಅಲ್ಲ.

ಚಿಕ್ಕಮ್ಮ: ಭಾವ, ಅಜ್ಜಿ ರಸ್ತೆಗೆ ಇಳಿದು ನಡೆಯುವುದು ಆ ಹಸಿರಿನಿಂದಲೇ.

ದೊಡ್ಡಪ್ಪ ಗ್ರೂಪ್ ಬಿಟ್ಟು ಹೋಗುತ್ತಾರೆ ಅಂದುಕೊಂಡೆ. ಹಿಂದೊಮ್ಮೆ ಹೋಳಿಗೆಗೆ ಬೆಲ್ಲವೋ ಸಕ್ಕರೆಯೋ ಅನ್ನುವ ಮಾತಿಗೇ ಬಿಟ್ಟಿದ್ದರು. ಈ ಸಲ ಬಿಡಲಿಲ್ಲ. ರಾತ್ರಿ ಒಂದೇ ಸಾಲು ಬಂತು.

ದೊಡ್ಡಪ್ಪ: ನಾಳೆ ಮಂಗಳವಾರ. ಒಂಬತ್ತೂಕಾಲಿಗೆ ಬಸ್ ಸ್ಟಾಪಿಗೆ ನಾನು ಬರುತ್ತೇನೆ. ತಮ್ಮ ಬರುವುದು ಬೇಡ.

ಮಂಗಳವಾರ, ರಾತ್ರಿ 10:05

ದೊಡ್ಡಪ್ಪ: ಹೋಗಿ ಬಂದೆ. ಬಸ್ ಸ್ಟಾಪಿನಿಂದ ಮನೆವರೆಗೆ 11 ಕಂಬ. ಉರಿಯುತ್ತಿರುವುದು 6. ಅದರಲ್ಲಿ ಎರಡು ಹೊಂಗೆ ಮರದ ಒಳಗೆ, ಬೆಳಕೆಲ್ಲ ಎಲೆಗೇ. ಕೊಂಬೆ ಸ್ವಲ್ಪ ಸವರಿದರೆ ಸಾಕು, ಮರ ಕಡಿಯುವುದು ಬೇಡ. ಪಾರ್ಕ್ ಗೋಡೆ ಪಕ್ಕ ಒಬ್ಬರೂ ಇರಲಿಲ್ಲ. ನನ್ನ ಹಿಂದೆ ಒಂದು ಬೈಕು ನಿಧಾನವಾಗಿ ಬಂತು. ಯಾರೋ ಅಡ್ರೆಸ್ ಕೇಳಲು ಬಂದವನು. ಆದರೂ ನನಗೇ ಒಂದು ಕ್ಷಣ ಎದೆ ಹೊಡೆದುಕೊಂಡಿತು. ಬಂದು ಟೇಪ್ ಹಿಡಿದು ನಮ್ಮ ಗೇಟಿನ ಮುಂದೆ ಅಳೆದೆ. ಫುಟ್‌ಪಾತ್ 2 ಮೀಟರ್. ಬೇಲಿ ಕಳೆದರೆ 60 ಸೆಂಟಿಮೀಟರ್.

ನಾನು: ನಿಯಮದಲ್ಲಿ ಕನಿಷ್ಠ 1.8 ಮೀಟರ್ ದೊಡ್ಡಪ್ಪ. ರಸ್ತೆಯಿಂದ ಫುಟ್‌ಪಾತ್ ಎತ್ತರವೂ 15 ಸೆಂಟಿಮೀಟರ್ ಮೀರಬಾರದು.

ದೊಡ್ಡಪ್ಪ: ಗೊತ್ತು. ಗೂಗಲ್ ನನಗೂ ಬರುತ್ತೆ.

ಅರ್ಧ ಗಂಟೆ ಬಿಟ್ಟು ಹೊಸ ಕರಡು ಬಂತು. ದೀಪ ಮತ್ತು ಕೊಂಬೆ ಮೊದಲು. ಹಂಪ್ ಅಳತೆ ಪ್ರಕಾರ. ಚುರುಮುರಿ, ಗೋಬಿ ಗಾಡಿಗೆ ಬಸ್ ಸ್ಟಾಪಿನಿಂದ ಸ್ವಲ್ಪ ಮುಂದೆ ಗೆರೆ ಎಳೆದು ಜಾಗ, ಬೈಕಿಗೆ ಬೇರೆ ಜಾಗ. ಟೀ ಗಾಡಿ ಬಗ್ಗೆ ಪುಟ್ಟಿ ಒಪ್ಪಲಿಲ್ಲ, ಚಿಕ್ಕಮ್ಮ ಅವನ ಹೊಟ್ಟೆಪಾಡು ಅಂದರು. ಅದು ಹಾಗೇ ನಿಂತಿದೆ. ಪತ್ರ ಯಾರಿಗೆ ಬರೆಯುವುದು ಅನ್ನುವುದೂ ಒಂದು ಗೊಂದಲ. 2023ರ ನವೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ 65 ವಾರ್ಡ್‌ಗೂ ಕಾರ್ಪೊರೇಟರ್ ಇಲ್ಲ. ಕೊನೆಗೆ "ಮಾನ್ಯರೇ" ಅಂತ ಮಾತ್ರ ಹಾಕಿದರು.

ಬೆಂಗಳೂರು ಅಣ್ಣ: ಅಪ್ಪ, ಫುಟ್‌ಪಾತ್ ಒತ್ತುವರಿ ಸಾಲು ಎಲ್ಲಿ ಹೋಯ್ತು?

ದೊಡ್ಡಪ್ಪ: ಅದು ನಮ್ಮ ಮನೆಯಲ್ಲಿ ಚರ್ಚೆಯಲ್ಲಿದೆ.

ದೊಡ್ಡಮ್ಮ: ಕನಕಾಂಬರ ನನ್ನದು. ಇವರು ಒಂದು ದಿನ ನೀರು ಹಾಕಿದವರಲ್ಲ. ಮೊದಲು ಹದಿನಾಲ್ಕು ಕುಂಡ ತಂದು ತಾರಸಿ ಮೇಲೆ ಇಡಲಿ. ಆಮೇಲೆ ಬೇಲಿ ಮುಟ್ಟಲಿ.

ಮಂಡ್ಯ ಮಾವ: ಅಕ್ಕ, ಕುಂಡ ನಮ್ಮ ಕಡೆ ಅಗ್ಗ. ಭಾನುವಾರ ಸ್ಕೂಟರಿನಲ್ಲಿ ತರುತ್ತೇನೆ. ಸರ್ವಿಸ್ ರೋಡಲ್ಲಿ ಬರಬೇಕಲ್ಲ, ಒಂದು ಸಲಕ್ಕೆ ಎರಡು.