ಚೆಂಡು ಮೇಲಕ್ಕೆ ಎಸೆಯೋ ಲೆಕ್ಕ: ಈಕ್ವೇಶನ್ ಬಿಡಿಸೋಕ್ ಬರತ್ತೆ, ಪ್ರಶ್ನೆ ಓದಿದ್ರೆ ತಲೆ ಕೆಡತ್ತೆ

ಲೆಕ್ಕ_ವೀಕು:
ಕ್ವಾಡ್ರಾಟಿಕ್ ಈಕ್ವೇಶನ್ ಹಾಗೇ ಕೊಟ್ರೆ ಬಿಡಿಸ್ತೀನಿ, ಫಾರ್ಮುಲಾನೂ ಬಾಯಿಪಾಠ ಇದೆ, ಅದನ್ನೇ ಕಥೆ ಥರ ಕೊಟ್ರೆ ಮಾತ್ರ ಎಲ್ಲಿಂದ ಶುರು ಮಾಡೋದು ಅಂತಾನೇ ಗೊತ್ತಾಗಲ್ಲ. ಈ ಲೆಕ್ಕ ನೋಡಿ: 24.5 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಒಂದು ಚೆಂಡನ್ನ ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೀತಾರೆ. ಗರಿಷ್ಠ ಎತ್ತರ ಎಷ್ಟು, ನೆಲಕ್ಕೆ ಯಾವಾಗ ಬೀಳತ್ತೆ, 39.2 ಮೀಟರ್ ಎತ್ತರದಲ್ಲಿ ಯಾವಾಗ ಇರತ್ತೆ. ನಾನು ಎತ್ತರಕ್ಕೆ ಎಚ್, ಸಮಯಕ್ಕೆ ಟಿ ಅಂತ ಇಟ್ಕೊಂಡು ಎಚ್ = 9.8ಟಿ² + 19.6ಟಿ ಅಂತ ಬರ್ಕೊಂಡು ಸೊನ್ನೆಗೆ ಸಮ ಮಾಡ್ದೆ, ಟಿ = 0, ಟಿ = −2 ಅಂತ ಬಂತು. ಎಲ್ಲಿ ತಪ್ಪಾಯ್ತು ಯಾರಾದ್ರೂ ಹೇಳ್ತೀರಾ ಪ್ಲೀಸ್

ಚಾಕ್‌ಪೀಸ್:
ಬಿಡಿಸೋದ್ರಲ್ಲಿ ತಪ್ಪಿಲ್ಲ, ಬರ್ಕೊಂಡಿರೋದ್ರಲ್ಲೇ ಮೂರು ತಪ್ಪಿದೆ. ಮೇಲಿನ ದಿಕ್ಕು ಪ್ಲಸ್ ಅಂತ ಇಟ್ಕೊಂಡ್ಮೇಲೆ ಗುರುತ್ವ ಕೆಳಕ್ಕೆ ಎಳೆಯೋದ್ರಿಂದ ಟಿ² ಮುಂದೆ ಮೈನಸ್ ಬರ್ಬೇಕು, ನೀವು ಪ್ಲಸ್ ಹಾಕಿರೋದ್ರಿಂದ ನಿಮ್ಮ ಚೆಂಡು ಬೀಳೋದೇ ಇಲ್ಲ, ಆಕಾಶಕ್ಕೆ ಹೋಗ್ತಾನೇ ಇರತ್ತೆ. ಇನ್ನೊಂದು, 9.8 ಅಲ್ಲ, ಅದರರ್ಧ 4.9. ಯಾಕೆ ಅರ್ಧ ಅಂದ್ರೆ, ಕೈಯಿಂದ ಸುಮ್ನೆ ಬಿಟ್ಟ ಚೆಂಡಿನ ವೇಗ 0ಯಿಂದ ಶುರುವಾಗಿ ಟಿ ಸೆಕೆಂಡಲ್ಲಿ 9.8ಟಿ ಆಗತ್ತೆ, ಅಂದ್ರೆ ಸರಾಸರಿ ವೇಗ 4.9ಟಿ, ಅದನ್ನ ಟಿ ಇಂದ ಗುಣಿಸಿದ್ರೆ 4.9ಟಿ² ದೂರ. ಇಷ್ಟು ಗೊತ್ತಿದ್ರೆ ಬಾಯಿಪಾಠ ಮಾಡೋದೇ ಬೇಡ. ಕೊನೇದು, 24.5 ಎಲ್ಲೋಯ್ತು? ಗಡಿಯಾರ ಶುರುವಾದಾಗ ಚೆಂಡು ನೆಲದ ಮೇಲಿಲ್ಲ ಅಲ್ವಾ.

ಎಚ್ = −4.9ಟಿ² + 19.6ಟಿ + 24.5

ಇನ್ನು ಪ್ರಶ್ನೆ ಓದೋದು. ಎಲ್ಲದಕ್ಕೂ ಈಕ್ವೇಶನ್ ಇದೊಂದೇ, ಪ್ರಶ್ನೆ ಎಚ್ ಕೊಟ್ಟು ಟಿ ಕೇಳ್ತಿದ್ಯಾ, ಟಿ ಕೊಟ್ಟು ಎಚ್ ಕೇಳ್ತಿದ್ಯಾ, ಇಲ್ಲಾ ಶೃಂಗ ಬಿಂದು (ಚೆಂಡು ಮುಟ್ಟೋ ತುತ್ತತುದಿ) ಕೇಳ್ತಿದ್ಯಾ, ಇಷ್ಟೇ ನೋಡ್ಬೇಕಾಗಿರೋದು. "ನೆಲಕ್ಕೆ ಬೀಳತ್ತೆ" ಅಂದ್ರೆ ಎಚ್ = 0. "39.2 ಮೀಟರಲ್ಲಿ" ಅಂದ್ರೆ ಎಚ್ = 39.2. "ಮೂರು ಸೆಕೆಂಡ್ ಆದ್ಮೇಲೆ" ಅಂದ್ರೆ ಟಿ = 3 ಹಾಕಿ ಕೂಡ್ಸೋದು, ಬಿಡಿಸೋಕ್ ಏನೂ ಇಲ್ಲ. "ಗರಿಷ್ಠ", "ಅತಿ ಹೆಚ್ಚು" ಅಂತ ಕಂಡ್ರೆ ಟಿ = −ಬಿ/2ಎ, ಇಲ್ಲಿ ಟಿ² ಮುಂದಿರೋ ಸಂಖ್ಯೆ ಎ, ಟಿ ಮುಂದಿರೋದು ಬಿ. ಪ್ರಶ್ನೆಯ ಪ್ರತಿ ಸಾಲಿನ ಪಕ್ಕ ಈ ಥರ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡೇ ಮುಂದಕ್ಕೆ ಹೋಗಿ, ಅದಕ್ಕೆ ಮುಂಚೆ ಫಾರ್ಮುಲಾ ಮುಟ್ಬೇಡಿ.

ಲೆಕ್ಕ_ವೀಕು:
ಸರ್ ಮಾಡ್ದೆ. ಗರಿಷ್ಠಕ್ಕೆ ಟಿ = 2, ಎತ್ತರ 44.1 ಮೀಟರ್. ನೆಲಕ್ಕೆ ಬೀಳೋದಕ್ಕೆ ಎಲ್ಲಾನೂ −4.9 ಇಂದ ಭಾಗಿಸಿದ್ರೆ ಟಿ² − 4ಟಿ − 5 = 0 ಆಯ್ತು, 5 ಮತ್ತೆ −1 ಬಂತು, −1 ಬಿಟ್ಬಿಟ್ಟೆ. 39.2ಕ್ಕೆ 1 ಮತ್ತೆ 3 ಬಂತು, ಇದ್ರಲ್ಲಿ ಯಾವ್ದು ಬಿಡ್ಬೇಕು?

ಚಾಕ್‌ಪೀಸ್:
ಯಾವ್ದೂ ಬಿಡ್ಬೇಡಿ. ಮೇಲಕ್ಕೆ ಹೋಗ್ತಾ 1ನೇ ಸೆಕೆಂಡಲ್ಲಿ ಆ ಎತ್ತರ ದಾಟತ್ತೆ, ವಾಪಸ್ ಬರ್ತಾ 3ನೇ ಸೆಕೆಂಡಲ್ಲಿ ಇನ್ನೊಂದ್ಸಲ. ಎರಡರ ನಡುವೆ ಸರಿಯಾಗಿ 2 ಇದೆ ನೋಡಿ, ಅದೇ ತುತ್ತತುದಿ ಮುಟ್ಟೋ ಸಮಯ, ಉತ್ತರ ತಾಳೆ ನೋಡೋಕೆ ಇದು ಒಳ್ಳೇ ದಾರಿ. ಪ್ರಶ್ನೇಲಿ "ಕೆಳಗೆ ಬರುವಾಗ" ಅಂತ ಇದ್ರೆ ಮಾತ್ರ 3 ಒಂದೇ ಬರೀರಿ. ಎರಡು ಉತ್ತರ ಬಂದ್ರೆ ಒಂದನ್ನ ಬಿಡ್ಲೇಬೇಕು ಅನ್ನೋ ಅಭ್ಯಾಸ ತುಂಬಾ ಜನಕ್ಕಿದೆ, ಅದಕ್ಕೇ ಮಾರ್ಕ್ಸ್ ಹೋಗೋದು.

ಆ −1 ಬಿಟ್ಟಿದ್ದು ಸರಿ, ಎಸೆಯೋದಕ್ಕಿಂತ ಮುಂಚಿನ ಸಮಯ ಅದು. ಆದ್ರೂ ಅದು ಕಸ ಅಲ್ಲ ಕಣ್ರೀ. ಇದೇ ಚೆಂಡನ್ನ ಯಾರಾದ್ರೂ 1 ಸೆಕೆಂಡ್ ಮುಂಚೆ ನೆಲದಿಂದಾನೇ 29.4 ಮೀ/ಸೆ ವೇಗದಲ್ಲಿ ಎಸೆದಿದ್ರೆ, ಕಟ್ಟಡದ ಎತ್ತರಕ್ಕೆ ಬರೋ ಹೊತ್ತಿಗೆ ಅದರ ವೇಗ 19.6 ಆಗಿರ್ತಿತ್ತು, ಅಲ್ಲಿಂದಾಚೆಗೆ ನಿಮ್ಮ ಚೆಂಡಿಗೂ ಅದಕ್ಕೂ ವ್ಯತ್ಯಾಸಾನೇ ಇರ್ತಿರ್ಲಿಲ್ಲ. ಈಕ್ವೇಶನ್‌ಗೆ ಕಟ್ಟಡ ಗೊತ್ತಿಲ್ಲ, ಯಾವಾಗ ಎಸೆದ್ರು ಅಂತಾನೂ ಗೊತ್ತಿಲ್ಲ, ಅದಕ್ಕೆ ಪೂರ್ತಿ ಪರವಲಯಾನೇ (ಏರಿ ಇಳಿಯೋ ಬಾಗಿದ ಗೆರೆ) ಕೊಡತ್ತೆ, ನಮಗೆ ಬೇಕಾದ ತುಂಡು ನಾವೇ ಆರಿಸ್ಕೋಬೇಕು.

ಅರ್ಧಂಬರ್ಧ:
ಮಧ್ಯೆ ಬಾಯಿ ಹಾಕ್ತಿದೀನಿ, ನೆಲಕ್ಕೆ ಬಿದ್ಮೇಲೆ ಚೆಂಡು ನಿಂತೋಗತ್ತಲ್ವಾ, ಹಂಗಾದ್ರೆ ವೇಗ = 0 ಅಂತ ಹಾಕಿ ಬಿಡಿಸ್ಬಹುದಲ್ಲ, ಸುಲಭ ಆಗತ್ತೆ

ಚಾಕ್‌ಪೀಸ್:
ಹಾಕಿ ನೋಡಿ, 19.6 − 9.8ಟಿ = 0 ಇಂದ ಟಿ = 2 ಬರತ್ತೆ, ಅದು ತುದಿ ಮುಟ್ಟೋ ಸಮಯ, ನೆಲದ್ದಲ್ಲ. ನಿಲ್ಸೋದು ನೆಲ, ನಮ್ಮ ಈಕ್ವೇಶನ್ ನೆಲ ಮುಟ್ಟೋ ಕ್ಷಣದವರೆಗೆ ಮಾತ್ರ. ಆ ಕ್ಷಣಕ್ಕೆ ವೇಗ 19.6 − 49 = −29.4, ಮೇಲೆ ಬಂದಿದ್ದ ಅದೇ 29.4, ದಿಕ್ಕು ಮಾತ್ರ ಉಲ್ಟಾ.

ಲೆಕ್ಕ_ವೀಕು:
ಇನ್ನೊಂದು ಲೆಕ್ಕದಲ್ಲಿ −16ಟಿ² ಅಂತ ಇದೆ, ಪ್ರಿಂಟ್ ಮಿಸ್ಟೇಕಾ? ಮತ್ತೆ ನಮ್ಮ ಲೆಕ್ಕದ್ದೇ ಕೊನೇ ಭಾಗ, ಚೆಂಡು 50 ಮೀಟರ್ ಎತ್ತರ ಯಾವಾಗ ಮುಟ್ಟತ್ತೆ ಅಂತ, ರೂಟ್ ಒಳಗೆ ಮೈನಸ್ ಬರ್ತಿದೆ, ಮೂರ್ನಾಲ್ಕು ಸಲ ಮಾಡಿದ್ರೂ ಅದೇ.

ಚಾಕ್‌ಪೀಸ್:
ಮಿಸ್ಟೇಕ್ ಅಲ್ಲ, ಅದು ಅಡಿ ಲೆಕ್ಕ. ಅಡಿಯಲ್ಲಿ ಗುರುತ್ವ ಸುಮಾರು 32, ಅರ್ಧ ಮಾಡಿದ್ರೆ 16. ಪ್ರಶ್ನೆ ಮೀಟರಲ್ಲಿದ್ರೆ 4.9, ಅಡಿಯಲ್ಲಿದ್ರೆ 16, ಬೆರೆಸ್ಬೇಡಿ. ಚಂದ್ರನ ಮೇಲೆ ಎಸೆದ್ರು ಅಂತ ತಲೆಹರಟೆ ಪ್ರಶ್ನೆ ಬಂದ್ರೂ ಹೆದರ್ಬೇಡಿ, ಅಲ್ಲಿ ಸುಮಾರು 1.62, ಹಾಗಾಗಿ 0.81ಟಿ², ಮಿಕ್ಕಿದ್ದೆಲ್ಲಾ ಇದೇ ಥರ.

50ರ ವಿಷ್ಯ, ನೀವೇ ಮೇಲೆ 44.1 ಗರಿಷ್ಠ ಅಂತ ಕಂಡ್ಹಿಡಿದಿದೀರಲ್ಲ, 50 ಎಲ್ಲಿಂದ ಮುಟ್ಟತ್ತೆ? ರೂಟ್ ಒಳಗಿನ ಮೈನಸ್ ಹೇಳ್ತಿರೋದು ಅದನ್ನೇ. "ಶೋಧಕ ಋಣ ಸಂಖ್ಯೆ, ಆದ್ದರಿಂದ ಚೆಂಡು ಆ ಎತ್ತರ ತಲುಪುವುದಿಲ್ಲ" ಅಂತ ಬರೀರಿ, ಅದೇ ಉತ್ತರ. ಶೋಧಕ ಅಂದ್ರೆ ಆ ರೂಟ್ ಒಳಗಿರೋ ಸಂಖ್ಯೆನೇ.