ಚೆಸ್ ವಿವಾದಗಳಲ್ಲಿ ನೋಡುಗರಾದ ನಾವು ಯಾವುದನ್ನು ನಂಬಬೇಕು?

ಪ್ರಶ್ನೆ: ಸರಸ್ವತಿಪುರಂ ಪ್ರೇಕ್ಷಕ, ಮೈಸೂರು

ಎಲ್ಲರಿಗೂ ನಮಸ್ಕಾರ. 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಗುಕೇಶ್ ಅವರು ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಮೇಲೆ, ಚೆಸ್ ಪಂದ್ಯಗಳ ನೇರ ಪ್ರಸಾರವನ್ನು ನೋಡುವ ಅಭ್ಯಾಸ ನಮ್ಮ ಮನೆಯಲ್ಲಿ ಗಟ್ಟಿಯಾಯಿತು. ಏಳನೆಯ ತರಗತಿಯಲ್ಲಿರುವ ಮಗಳು ಊರಿನ ಸಣ್ಣ ಟೂರ್ನಿಗಳಲ್ಲಿ ಆಡುತ್ತಾಳೆ. ನಾನು ಆಟದಲ್ಲಿ ಪಳಗಿದವನಲ್ಲ, ಆದರೂ ವೀಕ್ಷಕ ವಿವರಣೆಯ ನೆರವಿನಿಂದ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ನನ್ನ ತೊಡಕು ಪಂದ್ಯದ್ದಲ್ಲ, ಪಂದ್ಯ ಮುಗಿದ ಮೇಲೆ ಏಳುವ ಗದ್ದಲದ್ದು. ಡಿಂಗ್ ಬೇಕೆಂದೇ ಸೋತರು, ಇದನ್ನು ರಷ್ಯಾ ಚೆಸ್ ಒಕ್ಕೂಟದ ಅಧ್ಯಕ್ಷರೇ ಹೇಳಿದ್ದಾರೆ ಎಂದು ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಇಂದಿಗೂ ಸಾಧಿಸುತ್ತಾರೆ. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಹಾನ್ಸ್ ನೀಮನ್ ಮೋಸ ಮಾಡಿದ್ದು ಸಾಬೀತಾಗಿದೆ ಎಂದು ಪಕ್ಕದ ಮನೆಯವರು ಹೇಳಿದರೆ, ಅವರನ್ನು ಸಂಶಯಿಸಿದ ಮಾಜಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್‌ಗೆ ದಂಡ ಬಿದ್ದ ಮೇಲೆ ನೀಮನ್ ನಿರ್ದೋಷಿಯೇ ಆದಂತಲ್ಲವೇ ಎಂದು ನನ್ನ ಸಹೋದ್ಯೋಗಿ ಕೇಳುತ್ತಾರೆ. ಈ ಮಾತುಗಳೆಲ್ಲ ಮಗಳ ಕಿವಿಗೂ ಬೀಳುತ್ತವೆ. ಕಳೆದ ಟೂರ್ನಿಯಲ್ಲಿ ತನಗಿಂತ ಕಡಿಮೆ ರೇಟಿಂಗ್ ಇರುವ ಹುಡುಗನಿಗೆ ಸೋತು ಹೊರಗೆ ಬಂದವಳು ಮೊದಲು ಹೇಳಿದ ಮಾತೇ, "ಅಪ್ಪಾ, ಅವನು ನಡುವೆ ನಡುವೆ ಟಾಯ್ಲೆಟ್‌ಗೆ ಹೋಗಿ ಬರುತ್ತಿದ್ದ" ಎಂಬುದು. ಈ ಪ್ರಕರಣಗಳಲ್ಲಿ ಕೊನೆಗೆ ತೀರ್ಮಾನವಾದದ್ದೇನು, ನನ್ನಂಥ ಸಾಮಾನ್ಯ ಅಭಿಮಾನಿ ಯಾವ ಅಳತೆಗೋಲು ಹಿಡಿಯಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಕುವೆಂಪುನಗರ ಆರ್ಬಿಟರ್, ಮೈಸೂರು

ಸರ್, ನಾನು ಟೂರ್ನಿಗಳಲ್ಲಿ ಆರ್ಬಿಟರ್, ಅಂದರೆ ತೀರ್ಪುಗಾರ. ಮೊದಲು ಸಿಂಗಪುರದ ವಿಷಯ. ಕೊನೆಯದಾದ ಹದಿನಾಲ್ಕನೆಯ ಪಂದ್ಯಕ್ಕೆ ಕೂರುವಾಗ ಇಬ್ಬರ ಅಂಕವೂ 6.5 ಆಗಿತ್ತು. ಗುಕೇಶ್ ಕಪ್ಪು ಕಾಯಿಗಳಲ್ಲಿ ಆಡುತ್ತಿದ್ದರು. ಅವರಿಗೆ ಒಂದು ಪದಾತಿ ಹೆಚ್ಚಿದ್ದರೂ, ಎರಡೂ ಕಡೆ ಒಂದೊಂದು ಆನೆ ಮತ್ತು ಒಂದೊಂದು ಒಂಟೆ ಉಳಿದಿದ್ದ ಆ ಸ್ಥಿತಿಯು ಎಚ್ಚರಿಕೆಯಿಂದ ಆಡಿದರೆ ಡ್ರಾ ಆಗುವಂಥದ್ದು. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2 ಮನೆಗೆ ತಂದು ಆನೆಗಳ ವಿನಿಮಯಕ್ಕೆ ಮುಂದಾದರು. ಅವರ ಒಂಟೆ ಎ8ರ ಮೂಲೆಯಲ್ಲಿ ಕುಳಿತಿತ್ತು. ಗುಕೇಶ್ ಆನೆಯನ್ನು ಹೊಡೆದು, ಮರುನಡೆಯಲ್ಲೇ ತಮ್ಮ ಒಂಟೆಯನ್ನು ಡಿ5ರಲ್ಲಿ ಇಟ್ಟಾಗ ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳುವ ದಾರಿಯೇ ಉಳಿಯಲಿಲ್ಲ. ಅದೂ ವಿನಿಮಯವಾಗಿ ಬರೀ ರಾಜ ಮತ್ತು ಪದಾತಿಗಳು ಉಳಿದರೆ, ಹೆಚ್ಚಿಗೆ ಇರುವ ಆ ಒಂದು ಪದಾತಿಯೇ ಪಂದ್ಯವನ್ನು ಮುಗಿಸುತ್ತದೆ. 58ನೆಯ ನಡೆಗೆ ಡಿಂಗ್ ಸೋಲೊಪ್ಪಿದರು.

ಈ ನಡೆಯನ್ನು ಮುಂದಿಟ್ಟುಕೊಂಡೇ ರಷ್ಯಾ ಒಕ್ಕೂಟದ ಅಧ್ಯಕ್ಷ ಆಂಡ್ರೇ ಫಿಲಾಟೊವ್ ಅವರು ವಿಶ್ವ ಚೆಸ್ ಒಕ್ಕೂಟವಾದ ಫಿಡೆ ತನಿಖೆ ನಡೆಸಬೇಕೆಂದು ಆಗ್ರಹಿಸಿದ್ದು ನಿಜ. ಫಿಡೆ ಅಧ್ಯಕ್ಷ ಅರ್ಕಾಡಿ ದ್ವೊರ್ಕೊವಿಚ್ ಅದಕ್ಕೆ ಸೊಪ್ಪು ಹಾಕಲಿಲ್ಲ. ನಿಮ್ಮ ಬಂಧುಗಳಿಗೆ ಒಂದು ಪ್ರಶ್ನೆ ಕೇಳಿ ನೋಡಿ: ಸೋಲಬೇಕೆಂದು ಬಂದವರು ಮೊದಲ ಪಂದ್ಯವನ್ನು ಕಪ್ಪು ಕಾಯಿಗಳಲ್ಲಿ ಏಕೆ ಗೆದ್ದರು, ಹನ್ನೊಂದನೆಯ ಪಂದ್ಯವನ್ನು ಕಳೆದುಕೊಂಡ ಬೆನ್ನಲ್ಲೇ ಹನ್ನೆರಡನೆಯದನ್ನು ಗೆದ್ದು ಅಂಕವನ್ನು ಏಕೆ ಸಮ ಮಾಡಿದರು? ಗಂಟೆಗಟ್ಟಲೆ ರಕ್ಷಣೆಯ ಆಟವಾಡಿ ದಣಿದವರ ಕೈಯಿಂದ, ಅದೂ ಸಮಯದ ಒತ್ತಡದಲ್ಲಿ, ಇಂಥ ನಡೆ ಬರುವುದು ನಮ್ಮ ಊರಿನ ಟೂರ್ನಿಗಳಲ್ಲಂತೂ ಪ್ರತಿ ಸುತ್ತಿನ ಕಥೆ. ಯಾರು ಮೇಲುಗೈಯಲ್ಲಿದ್ದಾರೆಂದು ತೋರಿಸುತ್ತ ಪರದೆಯ ಪಕ್ಕದಲ್ಲಿ ಏರಿಳಿಯುವ ಎಂಜಿನ್ನಿನ (ಚೆಸ್ ಕಂಪ್ಯೂಟರಿನ) ಪಟ್ಟಿಯನ್ನು ನೋಡುತ್ತ ಕುಳಿತವರಿಗೆ ಮಾತ್ರ ಅದು ನಂಬಲಾಗದ ತಪ್ಪಾಗಿ ಕಾಣುತ್ತದೆ. ಆಟಗಾರನ ಮುಂದೆ ಆ ಪಟ್ಟಿ ಇರುವುದಿಲ್ಲ.

ನೀಮನ್ ಪ್ರಕರಣದಲ್ಲಿ ನಿಮ್ಮ ಪಕ್ಕದ ಮನೆಯವರ ಮಾತೂ ಅರ್ಧ, ಸಹೋದ್ಯೋಗಿಯ ಮಾತೂ ಅರ್ಧ. 2022ರ ಸೆಪ್ಟೆಂಬರ್ 4ರಂದು ಸೇಂಟ್ ಲೂಯಿಸ್‌ನ ಸಿಂಕ್‌ಫೀಲ್ಡ್ ಕಪ್‌ನಲ್ಲಿ ಕಪ್ಪು ಕಾಯಿಗಳಲ್ಲಿ ಆಡಿದ ನೀಮನ್ ಕಾರ್ಲ್‌ಸನ್ ಅವರನ್ನು ಸೋಲಿಸಿದರು. ಮಾರನೆಯ ದಿನವೇ ಕಾರ್ಲ್‌ಸನ್ ಟೂರ್ನಿಯಿಂದ ಹಿಂದೆ ಸರಿದರು, ಎರಡು ವಾರಗಳ ನಂತರ ಆನ್‌ಲೈನ್ ಟೂರ್ನಿಯೊಂದರಲ್ಲಿ ಅದೇ ಎದುರಾಳಿಯ ವಿರುದ್ಧ ಒಂದೇ ನಡೆ ಆಡಿ ಸೋಲೊಪ್ಪಿದರು. ಹುಡುಗನಾಗಿದ್ದಾಗ, 12 ಮತ್ತು 16ರ ವಯಸ್ಸಿನಲ್ಲಿ, ಆನ್‌ಲೈನ್ ಆಟದಲ್ಲಿ ಮೋಸ ಮಾಡಿದ್ದನ್ನು ನೀಮನ್ ತಾವೇ ಒಪ್ಪಿಕೊಂಡರು. ಅದಕ್ಕಿಂತ ಬಹಳ ಹೆಚ್ಚಾಗಿ, ನೂರಕ್ಕೂ ಮೀರಿದ ಆನ್‌ಲೈನ್ ಪಂದ್ಯಗಳಲ್ಲಿ ಮೋಸ ನಡೆದಿರುವ ಸಂಭವವಿದೆ ಎಂದು ಆನ್‌ಲೈನ್ ಚೆಸ್ ತಾಣ ನಡೆಸುವ ಚೆಸ್ ಡಾಟ್ ಕಾಮ್ ಸಂಸ್ಥೆಯ 72 ಪುಟಗಳ ವರದಿ ಹೇಳಿತು. ಆದರೆ ಎದುರುಬದುರು ಕುಳಿತು ಆಡಿದ ಪಂದ್ಯಗಳಲ್ಲಿ ಮೋಸ ಮಾಡಿದ್ದಕ್ಕೆ ಆ ವರದಿಯಲ್ಲೂ ಪುರಾವೆ ಇರಲಿಲ್ಲ. ಆ ದಿನಗಳಲ್ಲಿ ಆ ಸಂಸ್ಥೆಯು ಕಾರ್ಲ್‌ಸನ್ ಅವರ ಕಂಪನಿಯನ್ನು ಕೊಳ್ಳುವ ವ್ಯವಹಾರದಲ್ಲಿ ತೊಡಗಿತ್ತು ಎಂಬುದನ್ನೂ ಓದುಗರು ನೆನಪಿಡಬೇಕು. ನೀಮನ್ ಹೂಡಿದ 10 ಕೋಟಿ ಡಾಲರ್ ಮೊಕದ್ದಮೆಯನ್ನು ನ್ಯಾಯಾಲಯ 2023ರ ಜೂನ್‌ನಲ್ಲಿ ವಜಾಗೊಳಿಸಿತು, ಆಗಸ್ಟ್‌ನಲ್ಲಿ ರಾಜಿಯಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ ಫಿಡೆಯ ನೈತಿಕ ಸಮಿತಿ ಕಾರ್ಲ್‌ಸನ್‌ಗೆ 10,000 ಯೂರೋ ದಂಡ ಹಾಕಿತಲ್ಲ, ಅದು ಸೂಕ್ತ ಕಾರಣವಿಲ್ಲದೆ ಟೂರ್ನಿ ಬಿಟ್ಟು ಹೋದದ್ದಕ್ಕೆ. ಉಳಿದ ಆರೋಪಗಳಿಂದ ಅವರನ್ನು ಮುಕ್ತಗೊಳಿಸಿತು. ಹೀಗಿರುವಾಗ ಒಬ್ಬರ ದಂಡವನ್ನು ಇನ್ನೊಬ್ಬರ ಪ್ರಮಾಣಪತ್ರವೆಂದು ಓದುವುದು ಸರಿಯಲ್ಲ.

ಉತ್ತರ 2: ಗುತ್ತಲು ರಸ್ತೆಯ ಕುದುರೆ, ಮಂಡ್ಯ

ಮೇಲಿನವರು ಹೇಳಿದ್ದರಲ್ಲಿ ಹೆಚ್ಚಿನದನ್ನು ಒಪ್ಪುತ್ತೇನೆ. ಆದರೆ ಅಳತೆಗೋಲಿನ ಪ್ರಶ್ನೆ ಬಂದಾಗ ನಾವು ಭಾರತೀಯ ಅಭಿಮಾನಿಗಳು ನಮ್ಮ ಮನೆಯ ಅಂಗಳವನ್ನೂ ಒಮ್ಮೆ ನೋಡಬೇಕು. 2023ರ ಕೊನೆಯಲ್ಲಿ, ವಿಶ್ವ ಚಾಂಪಿಯನ್‌ಗೆ ಸವಾಲುಗಾರನನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಗೆ ರೇಟಿಂಗ್ ಮೂಲಕ ಸಿಗುವ ಒಂದು ಸ್ಥಾನಕ್ಕಾಗಿ ಅಲಿರೆಜಾ ಫಿರೂಜ ಅವರು ಫ್ರಾನ್ಸ್‌ನ ಶಾರ್ತ್ರ್‌ನಲ್ಲಿ ತಮಗಿಂತ ಬಹಳ ಕಡಿಮೆ ರೇಟಿಂಗ್‌ನವರೊಂದಿಗೆ ತರಾತುರಿಯಲ್ಲಿ ಏರ್ಪಡಿಸಿದ ಪಂದ್ಯಗಳನ್ನಾಡಿದಾಗ ನಮ್ಮಲ್ಲಿ ಎಷ್ಟು ಕೂಗಾಟವಾಯಿತು! ಫಿಡೆಯೇ ಆಕ್ಷೇಪವೆತ್ತಿದ ಮೇಲೆ ಅವರು ರೂಆನ್‌ಗೆ ಹೋಗಿ, ಅಲ್ಲಿನ ಮುಕ್ತ ಟೂರ್ನಿಯಲ್ಲಿ ಏಳಕ್ಕೆ ಏಳು ಅಂಕ ಗಳಿಸಿ ಆ ಸ್ಥಾನವನ್ನು ಪಡೆದರು. ಅದೇ ಡಿಸೆಂಬರ್‌ನಲ್ಲಿ, ವರ್ಷದ ಟೂರ್ನಿಗಳ ಸಾಧನೆಗೆ ಅಂಕ ಕೊಟ್ಟು ಕ್ಯಾಂಡಿಡೇಟ್ಸ್‌ಗೆ ಸ್ಥಾನ ನೀಡುವ ಫಿಡೆ ಸರ್ಕ್ಯೂಟ್‌ನ ಅಂಕಗಳಿಗೆ ಗಡುವು ಮುಗಿಯುತ್ತಿದ್ದಾಗ, ಚೆನ್ನೈನಲ್ಲಿ ತಮಿಳುನಾಡು ಸರ್ಕಾರದ ನೆರವಿನಿಂದ ಗ್ರ್ಯಾಂಡ್‌ಮಾಸ್ಟರ್‌ಗಳ ಟೂರ್ನಿಯೊಂದು ದಿಢೀರನೆ ಹುಟ್ಟಿಕೊಂಡಿತು. ಅದನ್ನು ಗೆದ್ದ ಗುಕೇಶ್ ಸರ್ಕ್ಯೂಟ್ ಮೂಲಕ ಕ್ಯಾಂಡಿಡೇಟ್ಸ್ ನಡೆದ ಟೊರಾಂಟೊಗೆ ಹೋದರು, ಅಲ್ಲಿಂದ ಸಿಂಗಪುರಕ್ಕೆ.

ಎರಡೂ ಒಂದೇ ತೂಕದವು ಎಂದು ನಾನು ಹೇಳುತ್ತಿಲ್ಲ. ಚೆನ್ನೈನಲ್ಲಿ ಅರ್ಜುನ್ ಎರಿಗೈಸಿ, ಲೆವೊನ್ ಅರೋನಿಯನ್‌ರಂಥವರು ಆಡಿದ್ದರು, ಗುಕೇಶ್ ಗೆದ್ದದ್ದು ಅರ್ಜುನ್‌ರ ಜೊತೆ ಅಂಕ ಸಮನಾಗಿ ಟೈ ಬ್ರೇಕ್ ಮೇಲೆ. ಆದರೆ ಗಡುವಿನ ಮುಂಚೆ ಆಟಗಾರನಿಗೆ ಅವಕಾಶ ಸೃಷ್ಟಿಸುವ ಉದ್ದೇಶ ಎರಡರಲ್ಲೂ ಎದ್ದು ಕಾಣುತ್ತದೆ. 2022ರಲ್ಲಿ ಕ್ಯಾಂಡಿಡೇಟ್ಸ್ ಅರ್ಹತೆಗೆ ಡಿಂಗ್‌ಗೆ ಬೇಕಾದಷ್ಟು ಪಂದ್ಯಗಳನ್ನು ಒದಗಿಸಲು ಚೀನಾ ಮಾಡಿದ್ದೂ ಅದೇ, 2025ರಲ್ಲಿ ಪಂದ್ಯಗಳ ಲೆಕ್ಕ ತುಂಬಿಸಲು ಹಿಕಾರು ನಕಾಮುರ ಅಮೆರಿಕದ ಸಣ್ಣ ಟೂರ್ನಿಗಳಲ್ಲಿ ಆಡಿದ್ದೂ ಅದೇ. ನಮ್ಮವರು ಮಾಡಿದರೆ ಜಾಣತನ, ಪರರು ಮಾಡಿದರೆ ಕುತಂತ್ರ ಎನ್ನುವ ನ್ಯಾಯ ನನಗೆ ಹಿಡಿಸುವುದಿಲ್ಲ. ದೋಷ ನಿಯಮದಲ್ಲಿದೆ, ಆಟಗಾರರು ಅದನ್ನು ಬಳಸಿಕೊಂಡಿದ್ದಾರೆ.

ಇನ್ನೊಂದು ಮಾತು. ಸಂಶಯಪಡುವುದೇ ತಪ್ಪು ಎಂಬ ಧ್ವನಿ ಮೇಲಿನ ಉತ್ತರದಲ್ಲಿ ಕೇಳಿಸಿತು. 2019ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಇಗೊರ್ಸ್ ರೌಸಿಸ್ ಟಾಯ್ಲೆಟ್ಟಿನಲ್ಲಿ ಮೊಬೈಲ್ ಬಳಸಿ ಸಿಕ್ಕಿಬಿದ್ದದ್ದು ಆಕಸ್ಮಿಕವಲ್ಲ. ಐವತ್ತು ದಾಟಿದ ಮೇಲೆ ಅವರ ರೇಟಿಂಗ್ ವಿಶ್ವದ ಅಗ್ರ ಆಟಗಾರರ ಮಟ್ಟವಾದ 2700ರ ಸಮೀಪಕ್ಕೆ ಏರಿದ್ದನ್ನು ಕಂಡವರು ಮೊದಲೇ ಅನುಮಾನಪಟ್ಟಿದ್ದರು.

ಪ್ರಶ್ನೆ ಕೇಳಿದವರು: ಸರಸ್ವತಿಪುರಂ ಪ್ರೇಕ್ಷಕ

ಇಬ್ಬರಿಗೂ ಧನ್ಯವಾದಗಳು. ಚೆನ್ನೈ ಟೂರ್ನಿಯ ಹಿನ್ನೆಲೆ ನನಗೆ ಹೊಸ ವಿಷಯ. ಆದರೆ ರೌಸಿಸ್ ಉದಾಹರಣೆಯಿಂದ ನನ್ನ ಮಗಳ ವಾದಕ್ಕೇ ಬಲ ಬಂದಂತಾಯಿತಲ್ಲ! ಸಂಶಯ ಬಂದಾಗ ಅವಳು ಏನು ಮಾಡಬೇಕು?

ಉತ್ತರ 3: ಕುವೆಂಪುನಗರ ಆರ್ಬಿಟರ್

ಮಂಡ್ಯದ ಮಿತ್ರರೇ, ಸಂಶಯ ತಪ್ಪಲ್ಲ, ಅದನ್ನು ಎಲ್ಲಿ ಹೇಳುತ್ತೇವೆ ಎಂಬುದು ಮುಖ್ಯ. ರೌಸಿಸ್ ಮೇಲಿನ ಅನುಮಾನವನ್ನು ಫಿಡೆಯ ತಂಡವು ಸದ್ದಿಲ್ಲದೆ ಗಮನಿಸಿ, ಪುರಾವೆ ಕೈಗೆ ಬಂದ ಮೇಲೆ ಕ್ರಮ ಜರುಗಿಸಿತು. ಅವರು ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನೇ ಕಳೆದುಕೊಂಡರು. ಇದಕ್ಕೆ ಪ್ರತಿಯಾಗಿ, ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರು ಕೆಲವು ವರ್ಷಗಳಿಂದ ಆನ್‌ಲೈನ್ ಆಟಗಾರರ ಅಂಕಿ ಅಂಶಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹರಡಿ, ನೇರವಾಗಿ ಹೇಳದೆ ಸೂಚ್ಯವಾಗಿ ಬೆರಳು ತೋರಿಸುತ್ತ ಬಂದರು. ಅವರ ಗುರಿಯಾದವರಲ್ಲಿ ಒಬ್ಬರಾಗಿದ್ದ ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೊಡಿಟ್ಸ್ಕಿ 2025ರ ಅಕ್ಟೋಬರ್‌ನಲ್ಲಿ, 29ರ ವಯಸ್ಸಿನಲ್ಲಿ ತೀರಿಕೊಂಡರು. ಸಾವಿಗೆ ಯಾರನ್ನೂ ಹೊಣೆ ಮಾಡುವ ಅಧಿಕಾರ ನಮಗಿಲ್ಲ, ಆದರೆ ತಮ್ಮ ಮೇಲಿನ ಆ ಆರೋಪಗಳಿಂದ ಅವರು ಬಹಳ ನೊಂದಿದ್ದರೆಂಬುದನ್ನು ಅವರ ಕೊನೆಯ ನೇರ ಪ್ರಸಾರವನ್ನು ನೋಡಿದವರೆಲ್ಲ ಬಲ್ಲರು. ಇದೇ ಕ್ರಾಮ್ನಿಕ್ 2006ರಲ್ಲಿ ಎಲಿಸ್ತಾದಲ್ಲಿ ಟೊಪಲೊವ್ ವಿರುದ್ಧ ವಿಶ್ವ ಪಟ್ಟಕ್ಕೆ ಆಡುವಾಗ, ಟಾಯ್ಲೆಟ್‌ಗೆ ಪದೇ ಪದೇ ಹೋಗುತ್ತಾರೆಂದು ಎದುರಾಳಿಯ ಮ್ಯಾನೇಜರ್ ಮಾಡಿದ ಆರೋಪಕ್ಕೆ ಗುರಿಯಾಗಿದ್ದರು. ಸ್ವಂತ ಟಾಯ್ಲೆಟ್‌ಗೆ ಬೀಗ ಹಾಕಿದ್ದನ್ನು ಪ್ರತಿಭಟಿಸಿ ಐದನೆಯ ಪಂದ್ಯವನ್ನೇ ಆಡದೆ ಕಳೆದುಕೊಂಡು, ಕೊನೆಗೆ ಟೈ ಬ್ರೇಕ್‌ನಲ್ಲಿ ಗೆದ್ದರು.

ನಿಮ್ಮ ಮಗಳ ವಿಷಯ. ಕಲ್ಯಾಣ ಮಂಟಪದಲ್ಲಿ ನಡೆಯುವ ನಮ್ಮ ಟೂರ್ನಿಗಳಲ್ಲಿ ಮಕ್ಕಳು ಟಾಯ್ಲೆಟ್‌ಗೆ ಹೋಗುವುದು ಹೆಚ್ಚಾಗಿ ಹೆದರಿಕೆಯಿಂದ, ಇಲ್ಲವೇ ಸುತ್ತು ಶುರುವಾಗುವ ಮುಂಚೆ ತಾಯಂದಿರು ಒತ್ತಾಯಿಸಿ ಕುಡಿಸಿದ ಗ್ಲೂಕೋಸ್ ನೀರಿನಿಂದ. ಆದರೂ ಅನುಮಾನ ಬಂದರೆ ಅವಳು ಎದುರಾಳಿಗಾಗಲಿ ಗೆಳತಿಯರಿಗಾಗಲಿ ಹೇಳದೆ, ಗಡಿಯಾರ ನಿಲ್ಲಿಸಿ ಕೈಯೆತ್ತಿ ಆರ್ಬಿಟರನ್ನು ಕರೆಯಬೇಕು, ಅದೂ ಪಂದ್ಯ ನಡೆಯುತ್ತಿರುವಾಗಲೇ. ಸೋತ ಮೇಲೆ ಹೇಳಿದರೆ ನಾವು ಪರಿಶೀಲಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಅನುಮತಿಯಿಲ್ಲದೆ ಮೊಬೈಲ್ ಇಟ್ಟುಕೊಂಡಿರುವುದು ಕಂಡುಬಂದರೆ, ಅದನ್ನು ಬಳಸಿರಲಿ ಬಿಡಲಿ, ಪಂದ್ಯ ಸೋತಂತೆಯೇ ಲೆಕ್ಕ. ಚೀಲ ಮತ್ತು ಜೇಬುಗಳನ್ನು ತಪಾಸಣೆ ಮಾಡುವ ಅಧಿಕಾರವೂ ನಮಗಿದೆ. ಲಿಖಿತ ದೂರು ಕೊಡುವುದಾದರೆ ಯಾವ ನಡೆಯ ಹೊತ್ತಿಗೆ ಎದುರಾಳಿ ಎದ್ದು ಹೋದ, ಬಂದ ಮೇಲೆ ಏನು ಆಡಿದ ಎಂಬುದನ್ನು ಅವಳು ನಡೆಗಳನ್ನು ಬರೆದುಕೊಂಡ ಸ್ಕೋರ್ ಶೀಟಿನ ಸಮೇತ ಕೊಡಿ. ಬುಡವಿಲ್ಲದ ಆರೋಪ ಮಾಡಿದವರ ಮೇಲೆಯೂ ಕ್ರಮ ಕೈಗೊಳ್ಳಲು ಫಿಡೆ ನಿಯಮಗಳಲ್ಲಿ ಅವಕಾಶವಿದೆ ಎಂಬುದನ್ನು ದೂರು ಬರೆಯುವ ಮುಂಚೆ ಅವಳಿಗೆ ತಿಳಿಸಿ.